ಎಲ್ಲದಕ್ಕೂ ಕಪ್ಪು ಬಣ್ಣ ಹಚ್ಚುತ್ತಿದ್ದ ಹುಡುಗ: ಒಂದು ಪ್ರಕರಣ ಅಧ್ಯಯನ

ಸೂರ್ಯ ಕಪ್ಪು. ಹೂವು ಕಪ್ಪು. ಚಿಟ್ಟೆ, ಮೀನು, ಬಲೂನು ಎಲ್ಲವೂ ಕಪ್ಪು. ಕಾಮನಬಿಲ್ಲಿನ ಏಳು ಪಟ್ಟೆಗೂ ಅದೇ ಒಂದು ಕಪ್ಪು ಕ್ರೇಯಾನ್. ಮೂರು ವಾರದ ಹಾಳೆಗಳನ್ನು ನೆಲದ ಮೇಲೆ ಸಾಲಾಗಿ ಹರಡಿ ನೋಡಿದಾಗ ನನ್ನ ಎದೆಯೂ ಸ್ವಲ್ಪ ಧಸಕ್ ಅಂದಿತು. ಸುಳ್ಳು ಹೇಳುವುದಿಲ್ಲ.

ನಾನು ಚಿಕ್ಕ ಮಕ್ಕಳಿಗೆ ಪಾಠ ಹೇಳುವವಳು. ಇದು ನನ್ನ ತರಗತಿಯಲ್ಲಿದ್ದ ಒಬ್ಬ ಹುಡುಗನ ವಿಷಯ. ಅವನ ನಿಜವಾದ ಹೆಸರು ಇಲ್ಲಿ ಬೇಡ, ಪುಟ್ಟು ಅಂತ ಇಟ್ಟುಕೊಳ್ಳೋಣ. ಆಗ ಅವನಿಗೆ ಐದು ವರ್ಷ ತುಂಬಿ ಎರಡು ತಿಂಗಳಾಗಿತ್ತು. ಸುಮಾರು ಮೂರೂವರೆ ತಿಂಗಳು ನಾನು ಅವನ ಬಗ್ಗೆ ದಿನಾ ಬರೆದಿಟ್ಟುಕೊಂಡ ಟಿಪ್ಪಣಿಯಿಂದಲೇ ಇದನ್ನು ಬರೆಯುತ್ತಿದ್ದೇನೆ. ನಾನು ಸರಿಯಾಗಿ ಮಾಡಿದ್ದಕ್ಕಿಂತ ಮೊದಲು ಎಡವಿದ್ದನ್ನೇ ಜಾಸ್ತಿ ಹೇಳಬೇಕಾಗಿದೆ.

ಹುಡುಗ ಹೇಗಿದ್ದ

ಬಾಯಿ ತುಂಬ ಮಾತು. ಕಥೆ ಹೇಳಿದರೆ ಮಧ್ಯೆ ಬಾಯಿ ಹಾಕಿ ಮುಂದೇನಾಗುತ್ತದೆ ಅಂತ ಅವನೇ ಹೇಳಿಬಿಡುತ್ತಿದ್ದ. ಓಡುವುದು, ಜಿಗಿಯುವುದು ಎಲ್ಲ ಚೆನ್ನಾಗಿತ್ತು. ಬಣ್ಣಗಳ ಹೆಸರೂ ಗೊತ್ತಿತ್ತು. ನೇರಳೆಗೂ ಗುಲಾಬಿಗೂ ವ್ಯತ್ಯಾಸ ಕೇಳಿದರೆ ಥಟ್ಟನೆ ಹೇಳುತ್ತಿದ್ದ.

ಆದರೆ ಕ್ರೇಯಾನ್ ಡಬ್ಬಿ ಹೊರಗೆ ಬಂತೆಂದರೆ ಅವನಿಗೆ ಬಾಯಾರಿಕೆ ಶುರು. ನೀರು ಕುಡಿದು ಬಂದರೆ ಬಾತ್‌ರೂಮು. ಅಲ್ಲಿಂದ ಬಂದರೆ ಪಕ್ಕದವನ ಜೊತೆ ಜಗಳ. ಕೊನೆಗೆ ಕೂತರೂ ಅರ್ಧ ನಿಮಿಷದಲ್ಲಿ "ಮಿಸ್, ಆಯ್ತು" ಅಂತ ಎದ್ದು ನಿಲ್ಲುತ್ತಿದ್ದ. ಹಾಳೆಯಲ್ಲಿ ಏಳೆಂಟು ಕಪ್ಪು ಗೆರೆ ಓರೆಯಾಗಿ ಎಳೆದಿರುತ್ತಿದ್ದವು, ಅಷ್ಟೇ. ಇನ್ನೂ ಸ್ವಲ್ಪ ಹಚ್ಚು ಅಂದರೆ "ಬರಲ್ಲ ಮಿಸ್" ಅನ್ನುತ್ತಿದ್ದ. ಈ "ಬರಲ್ಲ" ಅನ್ನುವ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಟೀಚರುಗಳು ಕೂರುವ ಕೋಣೆಯಲ್ಲಿ ಹಾಳೆಗಳನ್ನು ತೋರಿಸಿದೆ. ಒಬ್ಬರು ಕನ್ನಡಕ ಏರಿಸಿ ನೋಡಿ, "ಮನೆಯಲ್ಲಿ ಏನೋ ಸರಿ ಇಲ್ಲ ಕಣ್ರೀ, ವಿಚಾರಿಸಿ" ಅಂದರು. ವಿಚಾರಿಸಿದೆ. ಅವನ ಮನೆಯಲ್ಲಿ ನಾಲ್ಕು ತಿಂಗಳ ತಂಗಿ ಇತ್ತು. ಸರಿ, ಉತ್ತರ ಸಿಕ್ಕೇಬಿಟ್ಟಿತು ಅಂದುಕೊಂಡೆವು. ಹೊಸ ಪಾಪು ಬಂತು, ಅಮ್ಮನ ಗಮನ ಅತ್ತ ಹೋಯಿತು, ಹುಡುಗನ ಮನಸ್ಸು ಮುದುಡಿತು, ಸೂರ್ಯ ಕಪ್ಪಾಯಿತು. ಎಷ್ಟು ಚೆನ್ನಾಗಿ ಕೂಡಿಕೊಂಡಿತು ನೋಡಿ!

ಅವನ ಅಮ್ಮನನ್ನು ಕರೆಸಿದೆ. ಹಾಳೆಗಳನ್ನು ಮುಂದಿಟ್ಟು, ಆದಷ್ಟು ಮೆತ್ತಗೆ ಹೇಳಿದೆ. ಅವರು ಒಂದೊಂದೇ ಹಾಳೆ ತಿರುವಿ ಹಾಕಿದರು. ಐದಾರು ಹಾಳೆ ಆಗುವಷ್ಟರಲ್ಲಿ ಕಣ್ಣು ತುಂಬಿಕೊಂಡಿತ್ತು. "ನಾನು ಅವನನ್ನ ನೋಡ್ಕೊಳ್ತಿಲ್ಲ ಅಂತಾನಾ ಮೇಡಂ?" ಅಂದರು. ನಾಲ್ಕು ತಿಂಗಳಿಂದ ಸರಿಯಾಗಿ ನಿದ್ದೆ ಇಲ್ಲದ ಹೆಂಗಸು. ನನ್ನ ಹತ್ತಿರ ಇದ್ದದ್ದು ಒಂದು ಊಹೆ ಮಾತ್ರ. ಅದನ್ನು ಅವರ ತಲೆಗೆ ಕಟ್ಟಿ ಕಳಿಸಿದೆ. ಈ ಪ್ರಕರಣದಲ್ಲಿ ನಾನು ವಾಪಸ್ ತೆಗೆದುಕೊಳ್ಳಬೇಕು ಅನ್ನಿಸುವ ದಿನ ಅದೊಂದೇ.

ಬಣ್ಣ ನೋಡಿ ಮನಸ್ಸು ಓದುವ ಈ ಚಾಳಿ ನಮ್ಮದೊಬ್ಬರದೇ ಅಲ್ಲ. 1947ರಲ್ಲಿ ಅಮೆರಿಕದ ಆಲ್‌ಶುಲರ್ ಮತ್ತು ಹ್ಯಾಟ್‌ವಿಕ್ ಎಂಬ ಇಬ್ಬರು ಸಂಶೋಧಕಿಯರು ಪುಟ್ಟ ಮಕ್ಕಳು ಬಳಸುವ ಬಣ್ಣಕ್ಕೂ ಅವರ ಸ್ವಭಾವಕ್ಕೂ ನಂಟು ಕಲ್ಪಿಸಿ ದೊಡ್ಡ ಅಧ್ಯಯನವನ್ನೇ ಪ್ರಕಟಿಸಿದರು. ಆ ನಂಟನ್ನು ಒಂದು ಹಾಳೆಗೋ ಒಬ್ಬ ಮಗುವಿಗೋ ಹಚ್ಚಿ ತೀರ್ಪು ಕೊಡುವುದು ಮಾತ್ರ ಅಪಾಯ. ತಮಾಷೆ ಅಂದರೆ ಅದೇ 1947ರಲ್ಲಿ ವಿಕ್ಟರ್ ಲೋವೆನ್‌ಫೆಲ್ಡ್ ಎಂಬ ಕಲಾ ಶಿಕ್ಷಕ ಮಕ್ಕಳ ಚಿತ್ರಗಳ ಬೆಳವಣಿಗೆಯನ್ನು ಹಂತ ಹಂತವಾಗಿ ಬಿಡಿಸಿಟ್ಟರು. ಅವರ ಲೆಕ್ಕದಲ್ಲಿ 4ರಿಂದ 7 ವರ್ಷದ ಮಗುವಿಗೆ ವಸ್ತುವಿನ ನಿಜವಾದ ಬಣ್ಣಕ್ಕೂ ತಾನು ಹಚ್ಚುವ ಬಣ್ಣಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. ನೀಲಿ ನಾಯಿ, ಕೆಂಪು ಹುಲ್ಲು ಎಲ್ಲ ಆ ವಯಸ್ಸಿಗೆ ನಡೆಯುತ್ತದೆ. ಇದನ್ನು ನಾನು ತರಬೇತಿಯಲ್ಲಿ ಓದಿದ್ದೆ. ಓದಿದ್ದು ಬೇಕಾದ ಹೊತ್ತಿಗೆ ತಲೆಗೆ ಬರಲಿಲ್ಲ.

ಡಬ್ಬಿಯ ಮುಚ್ಚಳ

ಸುಳಿವು ಕೊಟ್ಟಿದ್ದು ನಮ್ಮ ಆಯಾ. ಊಟದ ಹೊತ್ತಿನಲ್ಲಿ ಸುಮ್ನೆ ಮಾತಿಗೆ ಅಂದಂತೆ, "ಮೇಡಂ, ಆ ಪುಟ್ಟು ದಿನಾ ಊಟದ ಡಬ್ಬಿ ತಗೊಂಡು ನನ್ನ ಹತ್ರಾನೇ ಬರ್ತಾನೆ, ಮುಚ್ಚಳ ತೆಗೆಯೋಕೆ ಅವನ ಕೈಲಿ ಆಗಲ್ಲ" ಅಂದರು. ಚಡ್ಡಿಯ ಗುಂಡಿಯೂ ಅಷ್ಟೇ ಅಂತೆ. ಹಾಕಿಕೊಳ್ಳಲು ಹೆಣಗಾಡಿ, ಕೊನೆಗೆ ಶರ್ಟನ್ನು ಮೇಲೆ ಎಳೆದು ಮುಚ್ಚಿಕೊಂಡು ಬರುತ್ತಾನಂತೆ.

ಮಾರನೆಯ ದಿನ ನಾನು ಅವನ ಪಕ್ಕದಲ್ಲೇ ಕೂತೆ. ಹಾಳೆಯನ್ನು ನೋಡುವುದು ಬಿಟ್ಟು ಕೈಯನ್ನು ನೋಡಿದೆ. ಮೂರು ವಾರದಲ್ಲಿ ಅದೇ ಮೊದಲು.

ಕ್ರೇಯಾನನ್ನು ಅವನು ಬಹುಪಾಲು ಮುಷ್ಟಿಯಲ್ಲೇ ಹಿಡಿಯುತ್ತಿದ್ದ. ಬೆರಳು ಆಡುತ್ತಲೇ ಇರಲಿಲ್ಲ. ಇಡೀ ತೋಳು ಭುಜದಿಂದ ಆಡುತ್ತಿತ್ತು. ಎಡಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು, ಹಾಗಾಗಿ ಹಾಳೆ ಜಾರುತ್ತಿತ್ತು. ಸ್ವಲ್ಪ ಹೊತ್ತಿಗೆ ತಲೆ ಮೇಜಿಗೆ ಒರಗಿತು. ಸೂರ್ಯನಿಗೆ ಮೊದಲು ಹಳದಿ ಎತ್ತಿಕೊಂಡ. ಒಂದು ಗೆರೆ ಎಳೆದ. ಬಗ್ಗಿ ನೋಡಿದ. ಕೆಳಗಿಟ್ಟ. ಕಿತ್ತಳೆ ಎತ್ತಿಕೊಂಡ. ಒಂದು ಗೆರೆ, ಮತ್ತೆ ಬಗ್ಗಿ ನೋಡಿದ, ಕೆಳಗಿಟ್ಟ. ಆಮೇಲೆ ಕಪ್ಪು. ಅದು ಬಂತು. ನಾಲ್ಕು ಗೆರೆ ಎಳೆದು ಕೈ ಒದರಿಕೊಂಡ.

"ಹಳದಿ ಯಾಕೆ ಬಿಟ್ಟೆ ಪುಟ್ಟು?"

"ಬರಲ್ಲ ಮಿಸ್."

"ನಿಂಗೆ ಬರುತ್ತಪ್ಪ, ಹಚ್ಚು."

"ನಂಗಲ್ಲ ಮಿಸ್. ಅದು ಬರಲ್ಲ. ಕಪ್ಪು ಬೇಗ ಬರುತ್ತೆ."

ಅವನು "ಬರಲ್ಲ" ಅಂದಾಗಲೆಲ್ಲ ನಾನು "ನಂಗೆ ಬರಲ್ಲ" ಅಂತ ಕೇಳಿಸಿಕೊಂಡಿದ್ದೆ. ಅವನು ಹೇಳುತ್ತಿದ್ದದ್ದು ಹಳದಿಯ ಮಾತು. ಹಳದಿ ಹಾಳೆಯ ಮೇಲೆ ಬರುತ್ತಿರಲಿಲ್ಲ.

ಆ ಸಂಜೆ ಮಕ್ಕಳೆಲ್ಲ ಹೋದ ಮೇಲೆ ಅವನ ಡಬ್ಬಿ ತೆಗೆದುಕೊಂಡು ಅವನ ಕುರ್ಚಿಯಲ್ಲೇ ಕೂತೆ. ಮಂಡಿ ಗದ್ದಕ್ಕೆ ಬಂತು, ಇರಲಿ. ಹಳದಿ ಕ್ರೇಯಾನನ್ನು ಎರಡೇ ಬೆರಳಲ್ಲಿ, ಬೀಳದಂತೆ ಮಾತ್ರ ಹಿಡಿದು ಜೆರಾಕ್ಸ್ ಹಾಳೆಯ ಮೇಲೆ ಎಳೆದೆ. ಏನೂ ಕಾಣಲಿಲ್ಲ. ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದಾಗ ಮೇಣದ ಹೊಳಪು ಮಾತ್ರ ಕಂಡಿತು. ಅಷ್ಟೇ ಹಗುರವಾಗಿ ಕಪ್ಪು ಎಳೆದೆ. ಗೆರೆ ಕಂಡಿತು.

ವಿಷಯ ಇಷ್ಟೇ. ಕ್ರೇಯಾನ್ ಅಂದರೆ ಪ್ಯಾರಾಫಿನ್ ಮೇಣಕ್ಕೆ ಬಣ್ಣದ ಪುಡಿ ಬೆರೆಸಿ ಅಚ್ಚು ಹಾಕಿದ್ದು. ಅದು ತಾನಾಗಿ ಹರಿಯುವುದಿಲ್ಲ. ಹಾಳೆಗೆ ಉಜ್ಜಿದಾಗ ಮೇಣ ಸವೆದು ಅಂಟಬೇಕು. ಉಜ್ಜಲು ಒತ್ತಬೇಕು. ಒರಟು ಹಾಳೆಯಾದರೆ ಮೇಣವನ್ನು ಕೆರೆದು ಹಿಡಿದುಕೊಳ್ಳುತ್ತದೆ. ಜೆರಾಕ್ಸ್ ಹಾಳೆ ನುಣುಪು, ಹಾಗಾಗಿ ಅದರ ಮೇಲೆ ಕ್ರೇಯಾನ್ ಜಾರುತ್ತದೆ. ಅದರ ಮೇಲೆ ಬಿಳಿ ಹಾಳೆಗೆ ಹಳದಿ ಬಣ್ಣ. ಗಟ್ಟಿ ಕೈಯವರಿಗೆ ಇದೆಲ್ಲ ಗೊತ್ತೇ ಆಗುವುದಿಲ್ಲ. ಕೈಯಲ್ಲಿ ಶಕ್ತಿ ಕಮ್ಮಿ ಇರುವ ಮಗುವಿಗೆ 12 ಬಣ್ಣದ ಡಬ್ಬಿಯಲ್ಲಿ ಕೆಲಸಕ್ಕೆ ಬರುವ ಬಣ್ಣ ಒಂದೋ ಎರಡೋ ಮಾತ್ರ.

ಆದರೂ ಒಮ್ಮೆ ತಪ್ಪಾಗಿತ್ತಲ್ಲ, ಈ ಸಲ ಬೇರೆ ಕಾರಣಗಳನ್ನೂ ನೋಡಿದೆವು. ಬಣ್ಣದ ದಾರದ ತುಂಡುಗಳನ್ನು ಕೊಟ್ಟು ಬೇರೆ ಬೇರೆ ಗುಂಪು ಮಾಡಲು ಹೇಳಿದೆ. ಕೆಂಪು, ಹಸಿರು, ಕಂದು ಎಲ್ಲ ಸರಿಯಾಗಿ ಜೋಡಿಸಿದ. ಕೆಂಪು ಹಸಿರಿನ ಗೊಂದಲ ತರುವ ಜೀನ್ ಎಕ್ಸ್ ವರ್ಣತಂತುವಿನಲ್ಲಿ ಇರುವುದರಿಂದ ಆ ತೊಂದರೆ ಹುಡುಗರಲ್ಲೇ ಜಾಸ್ತಿ. ಅದಕ್ಕೇ ಅವನ ಅಪ್ಪ ಕಣ್ಣಿನ ಡಾಕ್ಟರ ಹತ್ತಿರವೂ ಕರೆದುಕೊಂಡು ಹೋದರು. ಚುಕ್ಕಿಗಳ ನಡುವೆ ಅಂಕಿ ಹುಡುಕುವ ಆ ಹಳೆಯ ಇಶಿಹಾರ ಪರೀಕ್ಷೆ, 1917ರಲ್ಲಿ ಜಪಾನಿನ ಡಾಕ್ಟರೊಬ್ಬರು ಮಾಡಿದ್ದು, ಇವತ್ತಿಗೂ ಅದೇ ನಡೆಯುತ್ತದೆ. ಕಣ್ಣು ಚೆನ್ನಾಗಿಯೇ ಇತ್ತು.

ಕೈಯ ವಿಷಯಕ್ಕೆ ಒಬ್ಬ ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸಗಳಿಗೆ ಕೈ ಮೈ ಪಳಗಿಸುವ ತಜ್ಞರು, ನೋಡಿದರು. ಕಾಯಿಲೆ ಏನೂ ಇಲ್ಲ, ಭುಜದ ಮತ್ತು ಹಿಡಿತದ ಬಲ ವಯಸ್ಸಿಗೆ ಸ್ವಲ್ಪ ಹಿಂದೆ ಇದೆ ಅಂದರು. ಅವರು ಹೇಳಿದ ಒಂದು ಮಾತು ನನಗೆ ಇಷ್ಟವಾಯಿತು: "ಬೆರಳು ಸಣ್ಣ ಕೆಲಸ ಮಾಡಬೇಕಾದ್ರೆ ಭುಜ ಅಲ್ಲಾಡದೆ ನಿಂತುಕೊಳ್ಳಬೇಕು. ಇವನ ಭುಜ ನಿಲ್ತಿಲ್ಲ, ಅದಕ್ಕೇ ಬೆರಳಿಗೆ ಕೆಲಸ ಸಿಗ್ತಿಲ್ಲ." ವೃತ್ತ, ಕೂಡಿಸುವ ಚಿಹ್ನೆ ಎರಡನ್ನೂ ನೋಡಿ ಬರೆದ. ಚೌಕದ ಮೂಲೆ ದುಂಡಾಯಿತು, ತ್ರಿಕೋನ ಬರಲಿಲ್ಲ. ಸಾಮಾನ್ಯವಾಗಿ ವೃತ್ತ 3ರ ಸುಮಾರಿಗೆ, ಕೂಡಿಸುವ ಚಿಹ್ನೆ 4ಕ್ಕೆ, ಚೌಕ ನಾಲ್ಕೂವರೆಗೆ, ತ್ರಿಕೋನ 5 ದಾಟುವಾಗ ಬರುತ್ತದೆ. ಹಾಗಾಗಿ ಗಾಬರಿ ಬೀಳುವಂಥದ್ದು ಇರಲಿಲ್ಲ.

ಇನ್ನೊಂದು ವಿಷಯ ಅವರಿಂದ ತಿಳಿಯಿತು, ತಂದೆ ತಾಯಿಯರಿಗೆ ಈಗ ನಾನೇ ಹೇಳುತ್ತಿರುತ್ತೇನೆ. ನಮ್ಮ ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿವೆ. ಹುಟ್ಟಿದಾಗ ಸಾಮಾನ್ಯವಾಗಿ ಅವು ಇನ್ನೂ ಮೂಳೆಯೇ ಆಗಿರುವುದಿಲ್ಲ, ಕಿವಿಯ ಹಾಗೆ ಮೆತ್ತಗಿರುತ್ತವೆ. ವರ್ಷಗಳು ಕಳೆದಂತೆ ಒಂದೊಂದಾಗಿ ಗಟ್ಟಿಯಾಗುತ್ತವೆ. ಕೊನೆಯದು ಗಟ್ಟಿಯಾಗಲು ಶುರುವಾಗುವುದೇ 8ರಿಂದ 12ರ ನಡುವೆ. ಐದು ವರ್ಷದ ಮಗುವಿಗೆ ಎ-4 ಹಾಳೆ ತುಂಬ ಒಂದೇ ಸಮ ಬಣ್ಣ ತುಂಬು ಅನ್ನುವಾಗ, ನಾವು ಇನ್ನೂ ಕಟ್ಟಿ ಮುಗಿಯದ ಕೈಗೆ ಕೆಲಸ ಹೇಳುತ್ತಿರುತ್ತೇವೆ.

ಕಪ್ಪು ಹಾಳೆ, ಹಳದಿ ಸೂರ್ಯ

ಊಹೆ ಸರಿಯೋ ತಪ್ಪೋ ನೋಡಲು ಒಂದು ಸುಲಭದ ದಾರಿ ಇತ್ತು. ಮನಸ್ಸಿನಿಂದ ಕಪ್ಪು ಬರುತ್ತಿದ್ದರೆ, ಒತ್ತದೆಯೇ ಎದ್ದು ಕಾಣುವ ಬಣ್ಣ ಕೊಟ್ಟರೂ ಅವನು ಕಪ್ಪೇ ಹಿಡಿಯಬೇಕು. ಕೈಯಿಂದ ಬರುತ್ತಿದ್ದರೆ ಬದಲಾಗಬೇಕು.

ಮೊದಲು ಕಪ್ಪು ಹಾಳೆ ಮತ್ತು ಆಯಿಲ್ ಪೇಸ್ಟಲ್ ಕೊಟ್ಟೆ. ಪೇಸ್ಟಲ್‌ನಲ್ಲಿ ಮೇಣದ ಜೊತೆಗೆ ಒಣಗದ ಎಣ್ಣೆ ಇರುತ್ತದೆ, ಅದಕ್ಕೇ ಬೆಣ್ಣೆ ಹಾಗೆ ಮೆತ್ತಗೆ. ಮುಟ್ಟಿದರೆ ಸಾಕು, ಬಣ್ಣ ಇಳಿಯುತ್ತದೆ. ಎಲ್ಲ ಬಣ್ಣಗಳನ್ನೂ ಮೇಜಿನ ಮೇಲೆ ಹರಡಿಟ್ಟು ಏನೂ ಹೇಳದೆ ದೂರ ಕೂತೆ. ಹಳದಿ ಎತ್ತಿಕೊಂಡ. ಒಂದು ಗೆರೆ. ಬಗ್ಗಿ ನೋಡಿದ. ಆಮೇಲೆ ತಲೆ ಎತ್ತಿ, ಇಡೀ ತರಗತಿಗೆ ಕೇಳುವ ಹಾಗೆ, "ಮಿಸ್! ಬಂತು!" ಅಂದ.

ಎರಡನೇ ದಿನ ಬಿಳಿ ಹಾಳೆಯಲ್ಲೇ ಪೇಸ್ಟಲ್. ಆ ವಾರದ ಐದು ಹಾಳೆಗಳಲ್ಲಿ ಕಪ್ಪು ಇದ್ದದ್ದು ಬಸ್ಸಿನ ಚಕ್ರಕ್ಕೆ ಮತ್ತು ನನ್ನ ಜಡೆಗೆ ಮಾತ್ರ. ನನ್ನ ಮುಖಕ್ಕೆ ಹಸಿರು ಹಚ್ಚಿದ್ದ. ಅದಕ್ಕೆ ಯಾರೂ ಅರ್ಥ ಹುಡುಕಲಿಲ್ಲ.

ಈ ಪೇಸ್ಟಲ್ ಹುಟ್ಟಿದ್ದೂ ಮಕ್ಕಳಿಗಾಗಿಯೇ ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಜಪಾನಿನಲ್ಲಿ ಆಗ ಮಕ್ಕಳು ಮಾದರಿ ಚಿತ್ರ ನೋಡಿ ಹಾಗೇ ನಕಲು ಮಾಡುವುದೇ ಚಿತ್ರಕಲೆಯ ಪಾಠವಾಗಿತ್ತು. ಕಾನಾಯೆ ಯಮಾಮೊಟೊ ಎಂಬ ಕಲಾವಿದರು 1916ರಲ್ಲಿ ಯುರೋಪಿನಿಂದ ಊರಿಗೆ ಮರಳುವಾಗ ರಷ್ಯಾದಲ್ಲಿ ಮಕ್ಕಳ ಚಿತ್ರಗಳನ್ನು ನೋಡಿ ಬೆರಗಾದರು. ಮಕ್ಕಳು ಕಂಡದ್ದನ್ನು ತಮ್ಮ ಇಷ್ಟದಂತೆ ಬರೆಯಲಿ ಎಂಬ ಚಳವಳಿಯನ್ನೇ ಶುರು ಮಾಡಿದರು. ಆ ಗಾಳಿಯಲ್ಲೇ ಸಕುರಾ ಕಂಪನಿಯವರು 1925ರ ಹೊತ್ತಿಗೆ ಕ್ರೇಪಾಸ್ ಎಂಬ ಆಯಿಲ್ ಪೇಸ್ಟಲ್ ತಂದರು. ಕ್ರೇಯಾನಿನ ಸುಲಭ, ಒಣ ಪೇಸ್ಟಲ್‌ನ ಹೊಳಪು ಎರಡೂ ಒಂದರಲ್ಲೇ ಇರಲಿ ಅನ್ನುವುದು ಅವರ ಯೋಚನೆ.

ಆದರೆ ಕಥೆ ಇಲ್ಲಿಗೆ ನಿಂತರೆ ಮೋಸ. ಪೇಸ್ಟಲ್ ಬಣ್ಣದ ತೊಂದರೆ ತೀರಿಸಿತು, ಕೈಯದ್ದನ್ನಲ್ಲ. ಮನೆಯಲ್ಲಿ ಸ್ಕೆಚ್ ಪೆನ್ ಕೊಡಿಸಿದ್ದರು. ಅದರಲ್ಲೂ ಅಷ್ಟೇ, ಬಣ್ಣ ಝಗಮಗ ಅನ್ನುತ್ತದೆ, ಬೆರಳಿಗೆ ಕೆಲಸವೇ ಇಲ್ಲ. ಮೆತ್ತಗಿನ ಬಣ್ಣ ಕೊಟ್ಟು ಆಸೆ ಹುಟ್ಟಿಸಬೇಕು, ಆಮೇಲೆ ನಿಧಾನಕ್ಕೆ ಗಟ್ಟಿ ಬಣ್ಣದ ಕಡೆ ತರಬೇಕು. ಅದೇ ನಮ್ಮ ಯೋಜನೆ ಆಯಿತು.

ಏನು ಮಾಡಿದೆವು, ಏನು ಕೈಕೊಟ್ಟಿತು

ದಿನಕ್ಕೆ 8ರಿಂದ 10 ನಿಮಿಷ, ಅಷ್ಟೇ. ಅವನು ಕೈ ಒದರಿಕೊಳ್ಳುವ ಮುಂಚೆ ನಿಲ್ಲಿಸುವುದು. ಈ ಎರಡನೆಯದು ನನಗೆ ಕಷ್ಟವಾಯಿತು. ಮಗು ಖುಷಿಯಿಂದ ಕೂತಿರುವಾಗ "ಸಾಕು" ಅನ್ನಲು ಟೀಚರಿನ ನಾಲಿಗೆ ಏಳುವುದಿಲ್ಲ. ಆದರೆ ನಿಲ್ಲಿಸಿದ್ದರಿಂದಲೇ ಮಾರನೆಯ ದಿನ ಅವನಾಗೇ ಬರುತ್ತಿದ್ದ.

ಹಾಳೆಯನ್ನು ಮೇಜಿನಿಂದ ಎತ್ತಿ ಗೋಡೆಗೆ ಹಚ್ಚಿದ್ದು ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು ಅಂತ ನನ್ನ ಲೆಕ್ಕ. ಅವನ ಕಣ್ಣಿನ ಮಟ್ಟಕ್ಕೆ, ನಾಲ್ಕು ಮೂಲೆಗೂ ಟೇಪ್. ನಿಂತು ಹಚ್ಚಬೇಕು. ಆಗ ಮಣಿಕಟ್ಟು ತಾನಾಗಿ ಸ್ವಲ್ಪ ಹಿಂದಕ್ಕೆ ಬಾಗುತ್ತದೆ. ಹಾಗೆ ಬಾಗಿದಾಗ ಬೆರಳ ಹಿಡಿತ ಬಿಗಿಯಾಗುತ್ತದೆ. ಬೇಕಾದರೆ ನೀವೇ ನೋಡಿ: ಮಣಿಕಟ್ಟನ್ನು ಪೂರ್ತಿ ಒಳಕ್ಕೆ ಮಡಚಿ ಮುಷ್ಟಿ ಕಟ್ಟಿ, ಆಮೇಲೆ ಸ್ವಲ್ಪ ಹಿಂದಕ್ಕೆ ಬಾಗಿಸಿ ಮುಷ್ಟಿ ಕಟ್ಟಿ. ಯಾವುದು ಗಟ್ಟಿ? ಗೋಡೆಯ ಮುಂದೆ ತೋಳನ್ನು ಎತ್ತಿ ಹಿಡಿಯಬೇಕಾದ್ದರಿಂದ ಭುಜಕ್ಕೂ ಕಸರತ್ತು. ತಲೆ ಒರಗಿಸಲು ಮೇಜೇ ಇಲ್ಲವಲ್ಲ, ಅದೊಂದು ಲಾಭ.

ಎರಡನೆಯದು ಕ್ರೇಯಾನ್ ಮುರಿದದ್ದು. ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ತುಂಡು, ಸುತ್ತಿದ ಕಾಗದ ಬಿಚ್ಚಿ. ಉದ್ದ ಕ್ರೇಯಾನನ್ನು ಮುಷ್ಟಿಯಲ್ಲಿ ಹಿಡಿಯಬಹುದು, ಇಷ್ಟು ಪುಟ್ಟದನ್ನು ಹಿಡಿಯಲು ಬೆರಳ ತುದಿ ಬಿಟ್ಟರೆ ದಾರಿ ಇಲ್ಲ. "ಹೀಗೆ ಹಿಡಿ, ಹಾಗೆ ಹಿಡಿ" ಅನ್ನುವ ಉಪದೇಶವೂ ಉಳಿಯಿತು. ಮೊದಲ ದಿನ ಅವನಿಗೆ ಅವಮಾನವೇ ಆಯಿತು. "ಎಲ್ರಿಗೂ ಹೊಸದು, ನಂಗ್ಯಾಕೆ ಮುರಿದಿದ್ದು?" ಅಂತ ತುಟಿ ಉಬ್ಬಿಸಿದ. ಹಾಗಾಗಿ ಎಲ್ಲ 23 ಮಕ್ಕಳ ಕ್ರೇಯಾನನ್ನೂ ಮುರಿಯಬೇಕಾಯಿತು. ಹೊಸ ಡಬ್ಬಿ ಯಾಕೆ ಮುರಿದು ಹಾಕಿದ್ದೀರಿ ಅಂತ ಆ ವಾರ ಏಳು ಅಮ್ಮಂದಿರಿಗೆ ಉತ್ತರ ಹೇಳಿದೆ. ಅದು ಬೇರೆ ಕಥೆ.

ನಾಲ್ಕನೇ ವಾರದಿಂದ ಪೇಸ್ಟಲ್ ಕಮ್ಮಿ ಮಾಡಿ ಕ್ರೇಯಾನ್ ತಂದೆವು, ಆದರೆ ಒರಟು ಡ್ರಾಯಿಂಗ್ ಹಾಳೆಯ ಮೇಲೆ. ಎಲೆ, ಬಾಚಣಿಗೆ, ಜಾಲರಿ ಬಟ್ಟೆ ಏನಾದರೂ ಹಾಳೆಯ ಕೆಳಗಿಟ್ಟು ಮೇಲೆ ಉಜ್ಜುವ ಆಟ ಅವನಿಗೆ ಹುಚ್ಚು ಹಿಡಿಸಿತು. ಇದರ ಸೊಗಸು ಏನೆಂದರೆ, ಸರಿಯಾಗಿ ಒತ್ತದಿದ್ದರೆ ಎಲೆಯ ನರ ಮೂಡುವುದಿಲ್ಲ. ಹಾಳೆಯೇ ಹೇಳುತ್ತದೆ, "ಇನ್ನೂ ಒತ್ತು" ಅಂತ. ನಾನು ಬಾಯಿ ಮುಚ್ಚಿಕೊಂಡಿರಬಹುದು. ಹಾಳೆಯ ಕೆಳಗೆ ಸ್ಯಾಂಡ್ ಪೇಪರ್ ಇಟ್ಟೂ ನೋಡಿದೆವು. ಕೈಗೆ ಗರಗರ ಅನ್ನಿಸುತ್ತದೆ, ಕೈಗೆ ತಾನು ಎಲ್ಲಿದ್ದೇನೆ ಅನ್ನುವ ಸುಳಿವು ಸಿಗುತ್ತದೆ.

ಎ-4 ಹಾಳೆ ಬಿಟ್ಟು ಅಂಗೈಯಷ್ಟು ಚೀಟಿ ಮಾಡಿಕೊಂಡೆವು. ಒಂದು ಚೀಟಿಗೆ ಒಂದೇ ಚಿತ್ರ, ಒಂದು ಹಣ್ಣೋ ಒಂದು ಮೀನೋ. ಗೆರೆಯ ಮೇಲೆ ಗೋಂದು ಹಿಂಡಿ ಒಣಗಿಸಿದರೆ ಅದು ಪುಟ್ಟ ಗೋಡೆಯಾಗುತ್ತದೆ. ಕ್ರೇಯಾನ್ ಅದಕ್ಕೆ ತಾಗಿ ನಿಲ್ಲುತ್ತದೆ. ಬಣ್ಣ ಹಚ್ಚುವುದಕ್ಕೆ ಸಂಬಂಧವೇ ಇಲ್ಲದ ಕೆಲಸಗಳೂ ನಡೆದವು: ಕ್ಲೇ ಹಿಸುಕುವುದು, ಬಟ್ಟೆ ಕ್ಲಿಪ್ ಹಾಕಿ ತೆಗೆಯುವುದು, ಹಳೆಯ ಪೇಪರ್ ಹರಿಯುವುದು. ಪೇಪರ್ ಹರಿಯಲು ಮಕ್ಕಳಿಗೆ ಎರಡು ಸಲ ಹೇಳಬೇಕಾಗಿಲ್ಲ.

ಕೈಕೊಟ್ಟವೂ ಇವೆ. ಪೆನ್ಸಿಲ್‌ಗೆ ಹಾಕುವ ರಬ್ಬರ್ ಗ್ರಿಪ್ ತರಿಸಿದೆ, ಎರಡೇ ದಿನದಲ್ಲಿ ಅಗಿದು ಹಾಕಿದ. ಕೊನೆಯ ಎರಡು ಬೆರಳಿನ ಕೆಳಗೆ ಹತ್ತಿಯ ಉಂಡೆ ಇಟ್ಟುಕೊಂಡರೆ ಮುಂದಿನ ಮೂರು ಬೆರಳು ಬಿಡಿಯಾಗಿ ಆಡುತ್ತವೆ ಅನ್ನುತ್ತಾರೆ. ಹೌದು, ಆಡಿದವು, ಉಂಡೆ ಕಳೆದುಹೋಗುವವರೆಗೆ. ಮನೆಯಲ್ಲಿ ಅವನ ಅಮ್ಮ ಹಾಳೆ ಮುಗಿಸಿದರೆ ಒಂದು ಸ್ಟಾರ್ ಅಂತ ಮಾಡಿದ್ದರು. ಪುಟ್ಟು ಬುದ್ಧಿವಂತ. ಸ್ಟಾರ್ ಬೇಗ ಸಿಗಲಿ ಅಂತ ಮತ್ತೆ ಕಪ್ಪು ಹಿಡಿದು ನಾಲ್ಕೇ ಗೆರೆಯಲ್ಲಿ ಹಾಳೆ ಮುಗಿಸತೊಡಗಿದ. ಸ್ಟಾರ್ ನಿಲ್ಲಿಸಿದೆವು.

ಆರನೇ ವಾರದಲ್ಲಿ ಗೋಡೆಗೆ ಒಂದು ದೊಡ್ಡ ಹಾಳೆ ಹಚ್ಚಿ ಇಬ್ಬಿಬ್ಬರನ್ನು ನಿಲ್ಲಿಸಿದೆ. ಇದನ್ನು ನಾನು ಜಾಗ ಉಳಿಯಲಿ ಅಂತ ಮಾಡಿದ್ದು, ದೊಡ್ಡ ಯೋಚನೆಯೇನೂ ಇರಲಿಲ್ಲ. ಆದರೆ ಅಲ್ಲಿ ನಡೆದ ಮಾತುಕತೆ ನೋಡಬೇಕಿತ್ತು. "ನೀನು ಆಕಾಶ ಮಾಡು, ನಾನು ನೀರು ಮಾಡ್ತೀನಿ." "ನೀಲಿ ಒಂದೇ ಇದೆಯಲ್ಲ?" "ನೀನು ಮೊದಲು ಹಚ್ಚು, ನಾನು ಅಷ್ಟರಲ್ಲಿ ಮೀನು ಮಾಡ್ತೀನಿ." "ನನ್ನ ನೀರು ನಿನ್ನ ಆಕಾಶಕ್ಕೆ ತಾಗ್ತಿದೆ, ತಾಗಿದ್ರೆ ಮಳೆ ಅಂತ ಅಂದ್ಕೊಳ್ಳೋಣ." ಹಂಚಿಕೊಳ್ಳುವುದು, ಕಾಯುವುದು, ಮುಂದೇನು ಅಂತ ಯೋಚಿಸುವುದು, ಆದ ತಪ್ಪಿಗೆ ಹೊಸ ಹೆಸರಿಟ್ಟು ಮುಂದೆ ಹೋಗುವುದು, ಎಲ್ಲ ಆ ಹತ್ತು ನಿಮಿಷದಲ್ಲೇ. ಒಬ್ಬೊಬ್ಬರೇ ಮೇಜಿನಲ್ಲಿ ತಲೆ ತಗ್ಗಿಸಿ ಕೂತಾಗ ಇದರಲ್ಲಿ ಅರ್ಧವೂ ಸಿಗುವುದಿಲ್ಲ.

ಗೆರೆ ಹಾಕಿದ ಹಾಳೆ ಬೇಕೋ ಬೇಡವೋ

ಲೋವೆನ್‌ಫೆಲ್ಡ್ ಕಲರಿಂಗ್ ಪುಸ್ತಕಗಳ ಕಟ್ಟಾ ವಿರೋಧಿ. ಬೇರೆಯವರು ಬರೆದ ಗೆರೆಯೊಳಗೆ ಬಣ್ಣ ತುಂಬಿ ತುಂಬಿ ಮಗು ತಾನೇ ಬರೆಯುವ ಧೈರ್ಯ ಕಳೆದುಕೊಳ್ಳುತ್ತದೆ ಅನ್ನುವುದು ಅವರ ವಾದ. ಅದರಲ್ಲಿ ನಿಜವಿದೆ. ಅಚ್ಚುಕಟ್ಟಾಗಿ ಬಣ್ಣ ತುಂಬುವ ಕೆಲವು ಮಕ್ಕಳಿಗೆ ಖಾಲಿ ಹಾಳೆ ಕೊಟ್ಟರೆ "ಏನು ಬರೀಲಿ ಮಿಸ್, ಬರೆದುಕೊಡಿ" ಅಂತ ಬರುವುದನ್ನು ನಾನೂ ಕಂಡಿದ್ದೇನೆ.

ಆದರೆ ಪುಟ್ಟುವಿನ ವಿಷಯದಲ್ಲಿ ಗೆರೆ ನಮಗೆ ಒಂದು ಸಲಕರಣೆ. ಎಲ್ಲಿ ನಿಲ್ಲಬೇಕು ಅಂತ ಕೈಗೆ ತೋರಿಸಲು ಒಂದು ಅಂಚು ಬೇಕಿತ್ತು. ಕೈಗೆ ಗೆರೆಯ ಚೀಟಿ, ತಲೆಗೆ ಖಾಲಿ ಹಾಳೆ ಅಂತ ನಾನು ಮಾಡಿಕೊಂಡೆ. ವಾರದಲ್ಲಿ ಮೂರು ದಿನ ಅದು, ಎರಡು ದಿನ ಇದು. ಗೆರೆ ದಾಟಿದರೆ ಕೆಂಪು ಇಂಕಿನಲ್ಲಿ ಗುರುತು ಹಾಕುವುದನ್ನು ಆ ವರ್ಷದಿಂದ ನಾನು ಪೂರ್ತಿ ಬಿಟ್ಟೆ. ಗೆರೆ ದಾಟದಿರುವುದು ಒಳ್ಳೆಯ ನಡತೆಯೇನಲ್ಲ. ಕೈ ಪಳಗಿದಾಗ ಅದು ತಾನಾಗಿ ಬರುತ್ತದೆ.

ಮೂರೂವರೆ ತಿಂಗಳ ಕೊನೆಗೆ

ಮೊದಲು ಬದಲಾಗಿದ್ದು ಕೂರುವ ಹೊತ್ತು. ಅರ್ಧ ನಿಮಿಷದಿಂದ ಆರೇಳು ನಿಮಿಷಕ್ಕೆ ಬಂದ, ನೀರಿನ ನೆಪ ಇಲ್ಲದೆ. ಎಡಗೈ ಹಾಳೆ ಹಿಡಿದುಕೊಳ್ಳಲು ಕಲಿತದ್ದು ಎಂಟನೇ ವಾರದ ಸುಮಾರಿಗೆ. ಯಾರೂ ಹೇಳಿಕೊಡಲಿಲ್ಲ, ಗೋಡೆಯ ಹಾಳೆಯ ಒಂದು ಟೇಪ್ ಬಿಚ್ಚಿಕೊಂಡಿತ್ತು, ಹಿಡಿದುಕೊಂಡ. ಮುಷ್ಟಿ ಹೋಗಿ ನಾಲ್ಕು ಬೆರಳಿನ ಹಿಡಿತ ಬಂತು. ಪುಸ್ತಕದಲ್ಲಿ ಮೂರು ಬೆರಳು ಅಂತ ಇರುತ್ತದಲ್ಲ ಅಂತ ಥೆರಪಿಸ್ಟ್ ಹತ್ತಿರ ಕೇಳಿದೆ. ನಾಲ್ಕಾದರೂ ಕೆಲಸ ಚೆನ್ನಾಗಿ ಆಗುತ್ತಿದ್ದರೆ ತಿದ್ದಲು ಹೋಗಬೇಡಿ ಅಂದರು. ಹೆಸರಿನ ಅಕ್ಷರಗಳನ್ನು ಈಗ ಪೆನ್ಸಿಲ್‌ನಲ್ಲಿ ಬರೆಯುತ್ತಾನೆ, ಓದಲು ಬರುವಷ್ಟು ಕಪ್ಪಾಗಿ.

ಊಟದ ಡಬ್ಬಿಯ ವಿಷಯ ಆಯಾ ಬಂದು ಹೇಳಿದರು. ಓಡಿಕೊಂಡೇ ಬಂದರು ಅನ್ನಬೇಕು. "ಮೇಡಂ, ಇವತ್ತು ಅವನೇ ತೆಗೆದ! ಪಕ್ಕದ ಹುಡುಗಿದೂ ತೆಗೆದುಕೊಟ್ಟ!"

ಆಗದೇ ಉಳಿದದ್ದೂ ಇದೆ. ತ್ರಿಕೋನದ ಒಂದು ಮೂಲೆ ಈಗಲೂ ವಾಲುತ್ತದೆ. ಒಂದು ಪುಟ ಬರೆದರೆ ಕೈ ಒದರಿಕೊಳ್ಳುತ್ತಾನೆ. ಮತ್ತೆ, ಬಣ್ಣ ಹಚ್ಚುವುದೆಂದರೆ ಅವನಿಗೆ ಪ್ರಾಣ ಅಂತೇನೂ ಆಗಲಿಲ್ಲ. ಬ್ಲಾಕ್ಸ್ ಕೊಟ್ಟರೆ ಕ್ರೇಯಾನ್ ಮರೆತೇಬಿಡುತ್ತಾನೆ. ಇರಲಿ ಬಿಡಿ. ಇದೆಲ್ಲ ನಮ್ಮ ಗೋಡೆ, ನಮ್ಮ ಚೀಟಿಗಳಿಂದಲೇ ಆಯಿತು ಅಂತ ಎದೆ ತಟ್ಟಿಕೊಳ್ಳಲೂ ಆಗುವುದಿಲ್ಲ. ಮೂರೂವರೆ ತಿಂಗಳಲ್ಲಿ ಮಗು ಮೂರೂವರೆ ತಿಂಗಳು ದೊಡ್ಡದಾಗಿರುತ್ತದೆ, ಸ್ವಲ್ಪ ಭಾಗ ಆ ವಯಸ್ಸಿನದ್ದೇ. ಕೈ ನೋಯುತ್ತದೆ ಅಂತ ಮಗು ಪದೇ ಪದೇ ಹೇಳಿದರೆ, ಮೊದಲು ಬರುತ್ತಿದ್ದ ಕೆಲಸ ಈಗ ಬರದಿದ್ದರೆ, ಒಂದು ಕೈಯನ್ನು ಬಳಸುವುದೇ ಇಲ್ಲ ಅನ್ನಿಸಿದರೆ, ಕ್ರೇಯಾನ್ ಮುರಿಯುತ್ತಾ ಕೂರದೆ ಡಾಕ್ಟರ ಹತ್ತಿರ ಹೋಗಬೇಕು. ಅದು ಬೇರೆಯೇ ದಾರಿ.

ಅವನ ಅಮ್ಮನನ್ನು ಇನ್ನೊಮ್ಮೆ ಕರೆಸಿದೆ. ಹಳೆಯ ಹಾಳೆ, ಹೊಸ ಹಾಳೆ ಎರಡನ್ನೂ ಮುಂದಿಟ್ಟೆ. ಹಳದಿ ಕ್ರೇಯಾನನ್ನು ಅವರ ಕೈಗೇ ಕೊಟ್ಟು, ಹಗುರವಾಗಿ ಎಳೆಯಿರಿ ಅಂದೆ. ಎಳೆದರು, ನೋಡಿದರು. "ಇಷ್ಟೇನಾ ಮೇಡಂ?" ಅಂತ ನಕ್ಕರು, ನಗುತ್ತಲೇ ಮತ್ತೆ ಕಣ್ಣು ಒರೆಸಿಕೊಂಡರು. ಮೊದಲ ಸಲ ಹಾಗೆ ಹೇಳಿದ್ದಕ್ಕೆ ಕ್ಷಮೆ ಕೇಳಿದೆ. "ಅಯ್ಯೋ ಬಿಡಿ ಮೇಡಂ. ತಂಗಿ ಮೇಲೆ ಹೊಟ್ಟೆಕಿಚ್ಚು ಇರೋದಂತೂ ನಿಜ, ನಾನು ಆಚೆ ಹೋದ್ರೆ ಅವಳ ಕಾಲು ಚಿವುಟ್ತಾನೆ" ಅಂದರು. "ಈಗ ಬೆರಳಲ್ಲಿ ಶಕ್ತಿ ಬೇರೆ ಬಂದಿದೆ."

ಈ ವರ್ಷ ಒಬ್ಬಳು ಹುಡುಗಿ ಎಲ್ಲದಕ್ಕೂ ಗುಲಾಬಿ ಹಚ್ಚುತ್ತಾಳೆ. ಆನೆ, ಮರ, ಮೋಡ ಎಲ್ಲ ಗುಲಾಬಿ. ನಾನು ಡಬ್ಬಿ ತೆಗೆದು ನೋಡಿದೆ, ಎಲ್ಲ ಬಣ್ಣವೂ ಇತ್ತು. ಕೈ ನೋಡಿದೆ, ಗಟ್ಟಿಯಾಗಿತ್ತು. ಹಾಳೆ ಬದಲಾಯಿಸಿ ಕೊಟ್ಟೆ, ಅದರಲ್ಲೂ ಗುಲಾಬಿಯೇ. ಕೊನೆಗೆ ಅವಳನ್ನೇ ಕೇಳಿದೆ, ಯಾಕಮ್ಮ ಎಲ್ಲ ಗುಲಾಬಿ ಅಂತ. ಪೆದ್ದು ಪ್ರಶ್ನೆ ಕೇಳಿದವರನ್ನು ನೋಡುವ ಹಾಗೆ ನನ್ನನ್ನು ನೋಡಿ, "ನಂಗಿಷ್ಟ ಮಿಸ್" ಅಂದಳು.